ಒಂದು ಡಿಸ್ಕು, ನಾಲ್ಕು ಹಿಸ್ಸೆ: ಹಳೇ ಕಂಪ್ಯೂಟರಿನೊಳಗಿನ ಜಾಗದ ಜಗಳ

ಮೊಬೈಲ್ ಕೊಳ್ಳಲು ಹೋದಾಗ ಬಣ್ಣ ಯಾವುದು, ಮೆಮೊರಿ ಎಷ್ಟು ಎಂದು ಅಂಗಡಿಯವರು ಕೇಳುತ್ತಾರೆ. ಒಳಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಿಕೊಡಲಿ ಎಂದು ಕೇಳುವುದಿಲ್ಲ. ಕಂಪನಿ ಹಾಕಿ ಕಳಿಸಿದ್ದೇ ಸೈ. ಆಪರೇಟಿಂಗ್ ಸಿಸ್ಟಂ ಅಂದರೆ ಯಂತ್ರವನ್ನು ಎಬ್ಬಿಸಿ ಪರದೆ, ಕೀಬೋರ್ಡ್, ಡಿಸ್ಕು ಎಲ್ಲವನ್ನೂ ಕೆಲಸಕ್ಕೆ ಹಚ್ಚುವ ಮೂಲ ಸಾಫ್ಟ್‌ವೇರ್. ಪ್ರತಿ ಸಲ ಅಷ್ಟುದ್ದ ಹೇಳುವುದು ಕಷ್ಟ, ಇನ್ನು ಮುಂದೆ ಓಎಸ್ ಎನ್ನೋಣ.

ಹಳೇ ಕಂಪ್ಯೂಟರುಗಳಲ್ಲಿ ಹೀಗಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಡಾಸ್, ವಿಂಡೋಸ್, ಲಿನಕ್ಸ್ ಮೂರನ್ನೂ ಕೂರಿಸಿ, ಸ್ವಿಚ್ ಒತ್ತಿದಾಗ ‘ಯಾವುದು ಬೇಕು?’ ಎಂದು ಪಟ್ಟಿ ಬರುವಂತೆ ಮಾಡಿಕೊಂಡವರು ಬೇಕಾದಷ್ಟು ಜನ. ಗುಜರಿಗೆ ಹೋಗಬೇಕಿದ್ದ ಪೆಂಟಿಯಂ ಯಂತ್ರವನ್ನು ಮನೆಗೆ ತಂದು ಈ ಕೆಲಸಕ್ಕೆ ಕೂರುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಕೂತವರಿಗೆ ಮೊದಲು ಎದುರಾಗುವುದು ಕೆಲವು ವಿಚಿತ್ರ ಕಟ್ಟಳೆಗಳು. ವಿಂಡೋಸನ್ನು ಮೊದಲು ಹಾಕು, ಲಿನಕ್ಸನ್ನು ಆಮೇಲೆ ಹಾಕು. ಲಿನಕ್ಸಿನ ಒಂದು ಸಣ್ಣ ತುಂಡನ್ನು ಡಿಸ್ಕಿನ ಮುಂಭಾಗದಲ್ಲೇ ಇಡು. ಡಿಸ್ಕನ್ನು ನಾಲ್ಕಕ್ಕಿಂತ ಹೆಚ್ಚು ಮುಖ್ಯ ಭಾಗ ಮಾಡಲಾಗದು. ಏಕೆ ಎಂದು ಕೇಳುತ್ತಾ ಹೋದರೆ 40 ವರ್ಷದ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ತಂತ್ರಜ್ಞಾನಕ್ಕಿಂತ ಯಜಮಾನಿಕೆಯ ಪ್ರಶ್ನೆಯೇ ದೊಡ್ಡದು: ದುಡ್ಡು ಕೊಟ್ಟು ತಂದ ಯಂತ್ರ ಎದ್ದ ಕೂಡಲೇ ಮೊದಲು ಯಾರ ಮಾತು ಕೇಳಬೇಕು?

ಇವತ್ತಿನ ಪಿಸಿಗಳ ಮೂಲಪುರುಷ ಎನ್ನಬಹುದಾದ ಐಬಿಎಂ ಪಿಸಿ ಅಮೆರಿಕದಲ್ಲಿ 1981ರ ಆಗಸ್ಟ್ 12ರಂದು ಬಿಡುಗಡೆಯಾಯಿತು. ಆಗಲೇ ಐಬಿಎಂ ಮೂರು ಓಎಸ್‌ಗಳ ಹೆಸರು ಹೇಳಿತ್ತು. ಮೈಕ್ರೋಸಾಫ್ಟ್ ಒದಗಿಸಿದ ಪಿಸಿ ಡಾಸ್, ಗ್ಯಾರಿ ಕಿಲ್ಡಾಲ್ ಅವರ ಕಂಪನಿಯ ಸಿಪಿ/ಎಂ-86, ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪಿ-ಸಿಸ್ಟಂ. ಅಂದರೆ ಈ ಯಂತ್ರ ಹುಟ್ಟಿದ್ದೇ ಮೂವರಿಗೆ ಬಾಗಿಲು ತೆರೆದುಕೊಂಡು. ಹಾರ್ಡ್ ಡಿಸ್ಕ್ ಇರಲಿಲ್ಲವಾದ್ದರಿಂದ ಜಗಳವೂ ಇರಲಿಲ್ಲ. ಯಾವ ಓಎಸ್ ಬೇಕೋ ಅದರ ಫ್ಲಾಪಿ ತೂರಿಸಿ ಆನ್ ಮಾಡಿದರಾಯಿತು. ಗೆದ್ದದ್ದು ಮಾತ್ರ ಡಾಸ್. ಅದು 40 ಡಾಲರಿಗೆ ಸಿಗುತ್ತಿತ್ತು, ತಡವಾಗಿ ಬಂದ ಸಿಪಿ/ಎಂ-86ಕ್ಕೆ 240 ಡಾಲರ್. ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಜಾಗದ ಪ್ರಶ್ನೆ ಎದ್ದದ್ದು 1983ರ ಮಾರ್ಚ್‌ನಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಬಂದಾಗ. ಅದರಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಇತ್ತು. ಇವತ್ತಿನ ಎರಡು ಮೂರು ಫೋಟೋಗೆ ತುಂಬಿಹೋಗುವಷ್ಟು ಜಾಗ. ಅದನ್ನು ಬೇರೆ ಬೇರೆ ಓಎಸ್‌ಗಳು ಹಂಚಿಕೊಳ್ಳಲು ಅನುಕೂಲವಾಗಲಿ ಎಂದು ಒಂದು ಏರ್ಪಾಟು ಮಾಡಿದರು. ನಮ್ಮೂರ ಕಡೆಯವರಿಗೆ ಅದನ್ನು ತಿಳಿಸುವುದು ಬಲು ಸುಲಭ. ಒಂದು ಸರ್ವೆ ನಂಬರನ್ನು ಅಣ್ಣತಮ್ಮಂದಿರು ಪೋಡಿ ಮಾಡಿಸಿಕೊಂಡು, ಯಾರ ಹಿಸ್ಸೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಸಿಡುವುದಿಲ್ಲವೇ? ಹಾಗೆಯೇ ಇದು. ಇಂಗ್ಲಿಷಿನವರು ಅದನ್ನು ಪಾರ್ಟಿಷನ್ ಎಂದರು.

ಆ ಪಹಣಿ ಇರುವುದು ಡಿಸ್ಕಿನ ಮೊಟ್ಟಮೊದಲ ತುಂಡಿನಲ್ಲಿ. ಅದರ ಗಾತ್ರ 512 ಬೈಟ್. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಅಕ್ಷರಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್ ಬೇಕು, ಹಾಗಾಗಿ ಈಗ ಓದುತ್ತಿರುವ ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಮೊದಲ 446 ಬೈಟ್ ಒಂದು ಪುಟಾಣಿ ಪ್ರೋಗ್ರಾಂಗೆ ಮೀಸಲು. ಆಮೇಲಿನ 64 ಬೈಟ್‌ನಲ್ಲಿ ಹಿಸ್ಸೆಗಳ ಪಟ್ಟಿ. ಕೊನೆಯ 2 ಬೈಟ್ ಸಹಿ ಇದ್ದ ಹಾಗೆ. ಅದಿಲ್ಲದಿದ್ದರೆ ಯಂತ್ರ ಈ ತುಂಡನ್ನು ಒಪ್ಪುವುದಿಲ್ಲ. ಒಂದೊಂದು ಹಿಸ್ಸೆಯ ವಿವರಕ್ಕೆ 16 ಬೈಟ್ ಬೇಕು, ಆದ್ದರಿಂದ 64ರಲ್ಲಿ ನಾಲ್ಕೇ. ‘ನಾಲ್ಕು ಮುಖ್ಯ ಭಾಗ’ ಎಂಬ ಕಟ್ಟಳೆ ಬಂದದ್ದು ಇಲ್ಲಿಂದ. ಮುಂದೆ ಒಂದು ಹಿಸ್ಸೆಯೊಳಗೇ ಒಳಹಿಸ್ಸೆಗಳನ್ನು ಮಾಡುವ ದಾರಿ ಕಂಡುಕೊಂಡರು. ಆದರೆ ಡಾಸ್, ವಿಂಡೋಸ್ 98ರಂಥವು ಎದ್ದೇಳಲು ಮುಖ್ಯ ಹಿಸ್ಸೆಯೇ ಬೇಕು ಎಂದು ಹಟ ಹಿಡಿದವು.

ಸ್ವಿಚ್ ಒತ್ತಿದಾಗ ನಡೆಯುವುದು ಇಷ್ಟು. ಮದರ್‌ಬೋರ್ಡಿನಲ್ಲಿರುವ ಬಯೋಸ್ ಆ 512 ಬೈಟನ್ನು ಮೆಮೊರಿಗೆ ತಂದು, ಅದರಲ್ಲಿರುವ ಪುಟಾಣಿ ಪ್ರೋಗ್ರಾಂ ಕೈಗೆ ಯಂತ್ರವನ್ನು ಒಪ್ಪಿಸಿಬಿಡುತ್ತದೆ. ಅದು ಯಾರ ಪ್ರೋಗ್ರಾಂ, ಒಳ್ಳೆಯದೋ ಕೆಟ್ಟದೋ ಎಂದು ವಿಚಾರಿಸುವುದಿಲ್ಲ. ಆಗಿನ ಕಾಲದ ಬೂಟ್ ಸೆಕ್ಟರ್ ವೈರಸ್‌ಗಳು ಹೊಕ್ಕಿದ್ದೂ ಇದೇ ಬಾಗಿಲಿನಿಂದ. 446 ಬೈಟ್ ಯಾರ ಕೈಲಿದೆಯೋ ಯಂತ್ರ ಅವರದು. ಮುಂದಿನ ಹತ್ತಿಪ್ಪತ್ತು ವರ್ಷದ ಕಿತ್ತಾಟವೆಲ್ಲ ಇಷ್ಟು ಜಾಗಕ್ಕೆ.

ಬೇರೆಯವರಿಗೂ ಜಾಗ ಬಿಡಬೇಕು ಎಂಬ ಮರ್ಯಾದೆಯ ಉದಾಹರಣೆಯೂ ಇದೆ. ಐಬಿಎಂ 1992ರಲ್ಲಿ ಓಎಸ್/2ನ ಎರಡನೇ ಆವೃತ್ತಿ ತಂದಾಗ ಅದರ ಜೊತೆ ಬೂಟ್ ಮ್ಯಾನೇಜರ್ ಕೊಟ್ಟಿತು. ಅದು ಡಿಸ್ಕಿನಲ್ಲಿ ತನ್ನದೇ ಒಂದು ಸಣ್ಣ ಹಿಸ್ಸೆ ಪಡೆದು, ಡಾಸ್ ಬೇಕೋ ಓಎಸ್/2 ಬೇಕೋ ಎಂದು ಕೇಳುತ್ತಿತ್ತು.

ಅಷ್ಟರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರ ಜನವರಿಯಲ್ಲಿ ಕಂತಿನ ಮೇಲೆ ಒಂದು 386 ಕಂಪ್ಯೂಟರ್ ಕೊಂಡಿದ್ದ. ಅದರಲ್ಲಿ ಪಾಠಕ್ಕೆಂದು ರೂಪಿಸಿದ್ದ ಮಿನಿಕ್ಸ್ ಎಂಬ ಓಎಸ್ ಹಾಕಿಕೊಂಡು, ಅದರ ಆಸರೆಯಲ್ಲಿ ತನ್ನದೇ ಓಎಸ್ ಬರೆಯತೊಡಗಿದ. ಒಂದು ದಿನ ಫೋನ್ ಲೈನಿನ ಮೋಡೆಮ್‌ಗೆ ಕಳಿಸಬೇಕಿದ್ದ ಆದೇಶವನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿದ. ಮಿನಿಕ್ಸ್ ಇದ್ದ ಹಿಸ್ಸೆ ಕೆಟ್ಟುಹೋಯಿತು. ಅದನ್ನು ಮತ್ತೆ ಹಾಕುವ ಬದಲು, ಅರೆಬರೆ ಸಿದ್ಧವಾಗಿದ್ದ ತನ್ನ ಓಎಸ್‌ನಲ್ಲೇ ಇನ್ನು ಮುಂದೆ ಕೆಲಸ ಮಾಡುವುದೆಂದು ನಿರ್ಧರಿಸಿದ. ಹೀಗೆ ಲಿನಕ್ಸ್ ತನ್ನ ಕಾಲ ಮೇಲೆ ನಿಲ್ಲುವುದಕ್ಕೆ ಒಂದು ಹಾಳಾದ ಪಾರ್ಟಿಷನ್ ಕೂಡ ಕಾರಣ. ಹಳೇ ಯಂತ್ರದಲ್ಲಿ ಎರಡು ಓಎಸ್ ಹಾಕಹೊರಟು ಒಂದನ್ನು ಅಳಿಸಿಕೊಂಡವರು ಇದನ್ನು ನೆನೆದು ಸಮಾಧಾನಪಡಬಹುದು.

ಲಿನಕ್ಸನ್ನು ಡಾಸ್ ಪಕ್ಕದಲ್ಲಿ ಎಬ್ಬಿಸಲು ವರ್ನರ್ ಆಲ್ಮ್ಸ್‌ಬರ್ಗರ್ ಬರೆದ ಲಿಲೋ ಎಂಬ ಪ್ರೋಗ್ರಾಂ ಬಂತು. ಅದರ ವರ್ತನೆ ಬಹಳ ಸ್ವಾರಸ್ಯದ್ದು. ಅದಕ್ಕೆ ಫೈಲಿನ ಹೆಸರು ಗೊತ್ತಾಗುತ್ತಿರಲಿಲ್ಲ. ಲಿನಕ್ಸಿನ ಮೂಲ ಫೈಲು ಡಿಸ್ಕಿನ ಯಾವ ಯಾವ ಜಾಗದಲ್ಲಿದೆ ಎಂದು ಮೊದಲೇ ಗುರುತು ಹಾಕಿಕೊಂಡು, ಕಣ್ಣು ಮುಚ್ಚಿ ಅಲ್ಲಿಗೇ ಹೋಗುತ್ತಿತ್ತು. ಫೈಲು ಬದಲಾಯಿಸಿ ಲಿಲೋಗೆ ತಿಳಿಸದಿದ್ದರೆ ಯಂತ್ರ ಏಳುತ್ತಿರಲಿಲ್ಲ. ಇನ್ನೊಂದು ಸಂಗತಿ, ಅದರ ಇಂಗ್ಲಿಷ್ ಹೆಸರಿನ ನಾಲ್ಕು ಅಕ್ಷರಗಳು ಪರದೆಯ ಮೇಲೆ ಒಂದೊಂದಾಗಿ ಮೂಡುತ್ತಿದ್ದವು, ಒಂದೊಂದು ಹಂತ ದಾಟಿದಂತೆ ಒಂದೊಂದು. ಎರಡು ಅಕ್ಷರ ಬಂದು ನಿಂತರೆ, ಪ್ರೋಗ್ರಾಮಿನ ಎರಡನೇ ಭಾಗ ಸಿಕ್ಕಿದೆ, ಆದರೆ ಓಡುತ್ತಿಲ್ಲ ಎಂದರ್ಥ. ಅರ್ಧ ಹೆಸರು ನೋಡಿಯೇ ರೋಗ ಪತ್ತೆ ಹಚ್ಚಬಹುದಿತ್ತು. 1995ರಲ್ಲಿ ಎರಿಕ್ ಬೋಲಿನ್ ಶುರುಮಾಡಿದ ಗ್ರಬ್ ಈ ಕುರುಡುತನ ಕಳೆಯಿತು. ಅದಕ್ಕೆ ಫೈಲುಗಳನ್ನು ಹೆಸರಿನಿಂದಲೇ ಹುಡುಕುವುದು ಗೊತ್ತಿತ್ತು.

‘ಡಿಸ್ಕಿನ ಮುಂಭಾಗದಲ್ಲೇ ಇಡು’ ಎಂಬ ಕಟ್ಟಳೆ ಬಂದದ್ದು ಬಯೋಸ್‌ನ ಮಿತಿಯಿಂದ. ಅದು ಡಿಸ್ಕನ್ನು ಸಿಲಿಂಡರ್, ಹೆಡ್, ಸೆಕ್ಟರ್ ಎಂದು ಮೂರು ಲೆಕ್ಕದಲ್ಲಿ ಅಳೆಯುತ್ತಿತ್ತು. ಸಿಲಿಂಡರ್ 1024 ಮೀರುವಂತಿಲ್ಲ, ಆಗಿನ ಡಿಸ್ಕುಗಳಲ್ಲಿ ಹೆಡ್ 16, ಸೆಕ್ಟರ್ 63. ಗುಣಿಸಿ, ಸೆಕ್ಟರಿಗೆ 512 ಬೈಟ್ ಹಿಡಿದರೆ ಸುಮಾರು 528 ಎಂಬಿ. ಅದರಾಚೆಗಿನ ಜಾಗ ಬಯೋಸ್ ಕಣ್ಣಿಗೆ ಬೀಳುತ್ತಿರಲಿಲ್ಲ. ಲೆಕ್ಕ ತಿರುಗಿಸಿ ಹೆಡ್‌ಗಳನ್ನು 255 ಎಂದು ತೋರಿಸಿದಾಗ ಗಡಿ 8.4 ಜಿಬಿಗೆ ಸರಿಯಿತು, ಆಮೇಲೆ ಅದನ್ನೂ ದಾಟಿದರು. ಹಳೇ ಯಂತ್ರಕ್ಕೆ ದೊಡ್ಡ ಡಿಸ್ಕ್ ಹಾಕುವವರು ಮಾತ್ರ ಇಂದಿಗೂ ಈ ಗಡಿ ನೋಡಿಕೊಂಡೇ ಲಿನಕ್ಸಿನ ಮೂಲ ಫೈಲನ್ನು ಮುಂದುಗಡೆ ಇಡಬೇಕು.

ಇನ್ನು ‘ವಿಂಡೋಸ್ ಮೊದಲು’ ಎಂಬ ಕಟ್ಟಳೆ. ಇದಕ್ಕೆ ಲೆಕ್ಕಾಚಾರದ ಕಾರಣವೇ ಇಲ್ಲ. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95 ಇನ್‌ಸ್ಟಾಲ್ ಆಗುವಾಗ ಆ 446 ಬೈಟ್ ಜಾಗದಲ್ಲಿ ತನ್ನ ಪ್ರೋಗ್ರಾಂ ಬರೆದುಬಿಡುತ್ತಿತ್ತು. ಮೊದಲೇ ಲಿಲೋ ಇದ್ದರೆ ಅದು ಹೋಯಿತು. ಲಿನಕ್ಸಿನ ಫೈಲುಗಳು ಡಿಸ್ಕಿನಲ್ಲೇ ಭದ್ರವಾಗಿದ್ದರೂ ಅಲ್ಲಿಗೆ ಹೋಗುವ ದಾರಿ ಮುಚ್ಚಿತು. ಐಬಿಎಂನ ಬೂಟ್ ಮ್ಯಾನೇಜರ್ ಕೂಡ ನಿಷ್ಕ್ರಿಯವಾಗುತ್ತಿತ್ತು, ಮತ್ತೆ ಚಾಲೂ ಮಾಡಿಕೊಳ್ಳಬೇಕಿತ್ತು. ವಿಂಡೋಸ್ ಎನ್‌ಟಿಯಲ್ಲಿ ಆಯ್ಕೆಯ ಪಟ್ಟಿ ಇತ್ತು ನಿಜ, ಆದರೆ ತಾನಾಗಿ ಅದರಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ತಮ್ಮ ಮನೆಯವರ ಹೆಸರುಗಳೇ. ಲಿನಕ್ಸ್ ಹಾಗಲ್ಲ, ಡಿಸ್ಕಿನಲ್ಲಿ ವಿಂಡೋಸ್ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ಆದ್ದರಿಂದ ಬಳಕೆದಾರರು ಕಂಡುಕೊಂಡ ಉಪಾಯ, ಒರಟನನ್ನು ಮೊದಲು ಕೂರಿಸಿ, ಹೊಂದಿಕೊಳ್ಳುವವನನ್ನು ಆಮೇಲೆ ಕರೆಯುವುದು.

ಇದು ಮನೆಯೊಳಗಿನ ತರಲೆಯಾಗಿದ್ದರೆ ಇಷ್ಟಕ್ಕೇ ಬಿಡಬಹುದಿತ್ತು. ಆಪಲ್‌ನಿಂದ ಹೊರಬಂದ ಜಾನ್ ಲೂಯಿ ಗಾಸೆ 1990ರಲ್ಲಿ ಬಿ ಎಂಬ ಕಂಪನಿ ಕಟ್ಟಿದ್ದರು. ಅವರ ಬಿಓಎಸ್ 1998ರಲ್ಲಿ ಸಾಮಾನ್ಯ ಪಿಸಿಗಳಿಗೂ ಬಂತು. ಚುರುಕಾದ ಓಎಸ್. ವಿಂಡೋಸ್ ತೆಗೆಯಿರಿ ಎಂದು ಗಾಸೆ ಯಾರನ್ನೂ ಕೇಳಲಿಲ್ಲ, ಅದರ ಪಕ್ಕದಲ್ಲಿ ನಮಗೂ ಒಂದು ಹಿಸ್ಸೆ ಕೊಡಿ ಎಂದರು. ಜಪಾನಿನ ಹಿಟಾಚಿ ಒಪ್ಪಿ, ಎರಡೂ ಓಎಸ್ ಇರುವ ಕಂಪ್ಯೂಟರುಗಳನ್ನು ಮಾರಿತು. ಆದರೆ ಆನ್ ಮಾಡಿದರೆ ಆಯ್ಕೆಯ ಪಟ್ಟಿಯೇ ಬರುತ್ತಿರಲಿಲ್ಲ, ನೇರ ವಿಂಡೋಸ್. ಡಿಸ್ಕಿನಲ್ಲಿ ಮಲಗಿದ್ದ ಬಿಓಎಸ್ ಅನ್ನು ಕೊಂಡವರೇ ಬೇರೆ ಹೆಜ್ಜೆಗಳನ್ನು ಅನುಸರಿಸಿ ಎಬ್ಬಿಸಿಕೊಳ್ಳಬೇಕಿತ್ತು. ಕಂಪ್ಯೂಟರ್ ತಯಾರಕರ ಜೊತೆ ಮೈಕ್ರೋಸಾಫ್ಟ್ ಮಾಡಿಕೊಂಡ ಲೈಸೆನ್ಸ್ ಕರಾರಿನಲ್ಲಿ ಇಂಥ ಪಟ್ಟಿ ತೋರಿಸಲು ಅಡ್ಡಿ ಇದೆ ಎಂಬುದು ಬಿ ಕಂಪನಿಯ ದೂರು. 2001ರಲ್ಲಿ ಬಿ ತನ್ನ ಆಸ್ತಿಯನ್ನು ಪಾಮ್ ಕಂಪನಿಗೆ ಮಾರಿಕೊಂಡಿತು, 2002ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. 2003ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳದೆ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪೈರು ಒಣಗಿದ ಮೇಲೆ ಬಂದ ಮಳೆ ಅದು.

ನಮ್ಮ ಕನ್ನಡದ ಮಟ್ಟಿಗೆ ಎರಡು ಓಎಸ್ ಇಟ್ಟುಕೊಳ್ಳುವುದಕ್ಕೆ ಬೇರೆಯದೇ ಕಾರಣವಿತ್ತು. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳಿಗಾಗಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಬೇಕಿತ್ತು. 1998ರಲ್ಲಿ ಬರಹ ಬಂತು, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ನುಡಿ. ಎರಡೂ ವಿಂಡೋಸ್‌ಗೆಂದು ಮಾಡಿದವು. ನಮ್ಮಂಥ ಜಿಲ್ಲಾ ವರದಿಗಾರರು ಬೆರಳು ಪಳಗಿಸಿಕೊಂಡಿದ್ದೇ ನುಡಿಯಲ್ಲಿ. ಲಿನಕ್ಸ್ ಪುಕ್ಕಟೆ, ವೈರಸ್ ಕಾಟ ಕಡಿಮೆ ಎಂದು ಯಾರಾದರೂ ಹಾಕಿಕೊಂಡರೂ, ಕನ್ನಡ ಕೆಲಸ ಬಂದಾಗ ವಿಂಡೋಸ್ ಹಿಸ್ಸೆಗೆ ವಾಪಸ್ ಬರಲೇಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಬಂದ ಮೇಲೂ ಡಿಟಿಪಿ ಅಂಗಡಿಗಳು ಹಳೇ ಫಾಂಟುಗಳನ್ನು ಬಿಡಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಂಥ ಫೈಲು ತೆರೆದರೆ ಕಾಣುವುದು ಕಲಸಿದ ಇಂಗ್ಲಿಷ್ ಅಕ್ಷರಗಳು. ಜಾತ್ರೆಯ ಕರಪತ್ರ, ಶಾಲೆಯ ಸ್ಮರಣಸಂಚಿಕೆ, ಊರಿನ ಯಾರೋ ಹಿರಿಯರು ಬರೆಸಿದ ಗ್ರಾಮಚರಿತ್ರೆ ಇಂಥ ಫೈಲುಗಳಲ್ಲಿ ಎಷ್ಟೋ ಉಳಿದಿವೆ. ಪರಿವರ್ತಕಗಳು ಈಗ ಇವೆ. ಆದರೂ ಪುಟ ಹೇಗಿತ್ತೋ ಹಾಗೆಯೇ ನೋಡಬೇಕೆಂದರೆ ವಿಂಡೋಸ್ 98 ಇರುವ ಒಂದು ಹಳೇ ಪೆಂಟಿಯಂ ಯಂತ್ರವೇ ಸಲೀಸು. ಗುಜರಿಗೆ ಹಾಕುವ ಮುನ್ನ ಇಷ್ಟು ಯೋಚಿಸಿ.

ಅಂಥದ್ದೊಂದು ಕೈಗೆ ಸಿಕ್ಕರೆ ಮೊದಲು ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಬದಲಿಸಿ. ಅದು ಸತ್ತಿದ್ದರೆ ದಿನಾಂಕ, ಡಿಸ್ಕಿನ ಅಳತೆ ಎರಡನ್ನೂ ಯಂತ್ರ ಮರೆಯಬಹುದು. 20 ವರ್ಷ ತಿರುಗಿದ ಡಿಸ್ಕನ್ನು ನಂಬುವ ಬದಲು ಅಡಾಪ್ಟರ್ ಮೂಲಕ ಮೆಮೊರಿ ಕಾರ್ಡ್ ಜೋಡಿಸುವವರೇ ಈಗ ಹೆಚ್ಚು. ವಿಂಡೋಸ್ 98ಕ್ಕೆ 512 ಎಂಬಿಗಿಂತ ಹೆಚ್ಚು ಮೆಮೊರಿ ಕೊಟ್ಟರೆ ತಕರಾರು ತೆಗೆಯುತ್ತದೆ, ಜಾಸ್ತಿ ಹಾಕಬೇಡಿ. ಅದನ್ನು ಮೊದಲ ಹಿಸ್ಸೆಗೆ ಹಾಕಿ, ಎಕ್ಸ್‌ಪಿ ಬೇಕಿದ್ದರೆ ಎರಡನೆಯದಕ್ಕೆ, ಲಿನಕ್ಸ್ ಕೊನೆಗೆ. ಏನನ್ನೇ ಮುಟ್ಟುವ ಮೊದಲು ಆ 512 ಬೈಟನ್ನು ಬೇರೆಡೆ ನಕಲು ಮಾಡಿಡಿ. ವಾಪಸ್ ಹಾಕುವಾಗ ಎಚ್ಚರ: ಎದ್ದೇಳುವ ಪ್ರೋಗ್ರಾಂ ಮಾತ್ರ ಕೆಟ್ಟಿದ್ದರೆ 446 ಬೈಟ್ ಸಾಕು. ಪೂರ್ತಿ 512 ಹಾಕಿದರೆ ಹಳೇ ಪಹಣಿಯೂ ವಾಪಸ್ ಬರುತ್ತದೆ, ನಡುವೆ ಹಿಸ್ಸೆಗಳ ಗಡಿ ಬದಲಿಸಿದ್ದರೆ ಹೊಸ ಹಿಸ್ಸೆಗಳು ಲೆಕ್ಕದಿಂದಲೇ ಹೊರಬೀಳುತ್ತವೆ.

ಪೆಂಟಿಯಂಗಿಂತಲೂ ಹಿಂದಿನ 386 ಯಂತ್ರ ಸಿಕ್ಕಿದರೆ ಲಿನಕ್ಸ್ ಕೂಡ ಹಳೆಯದನ್ನೇ ಹುಡುಕಬೇಕು. ಟೊರ್ವಾಲ್ಡ್ಸ್ ಕಂತಿನ ಮೇಲೆ ಕೊಂಡದ್ದು 386 ಯಂತ್ರವೇ. 2013ರ ಫೆಬ್ರವರಿಯಲ್ಲಿ ಬಂದ 3.8ನೇ ಆವೃತ್ತಿಯಿಂದ ಲಿನಕ್ಸ್ ಆ ಚಿಪ್ಪಿನ ಮೇಲೆ ಓಡುವುದಿಲ್ಲ.