ಮಳೆಗೆ ನೆನೆದದ್ದು ಯಾರ ಸುಗ್ಗಿ?

2021ರ ನವೆಂಬರ್. ಚಳಿ ಬೀಳೋ ಹೊತ್ತಲ್ಲಿ ಜಡಿಮಳೆ ಹಿಡೀತು. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆ ಒಡೀತು. ಟಿವಿಯಲ್ಲಿ ಹೆಚ್ಚು ಕಂಡಿದ್ದು ಯಲಹಂಕದ ಅಪಾರ್ಟ್‌ಮೆಂಟಿಗೆ ನುಗ್ಗಿದ ಕೆರೆ ನೀರು. ಎಷ್ಟೋ ಕಣಗಳಿಗೆ ರಾಗಿ ಬರದೇ ಸಂಕ್ರಾಂತಿ ಬಂತು.

ಆದರೆ ಈ ಕಣದ ಹಬ್ಬದಲ್ಲಿ ನಮ್ಮ ಪಾಲು ಏನಿತ್ತು?

ಹಳೇ ಮೈಸೂರು ಸೀಮೆಯಲ್ಲಿ ತೋಟಿ, ನೀರಗಂಟಿ ಚಾಕರಿ ಮಾಡಿದವರಿಗೆ ಕೂಲಿ ಅಂದರೆ ಕಣದಲ್ಲಿ ಅಳೆದು ಕೊಡೋ ಆಯದ ಕಾಳು, ಜೊತೆಗೊಂದು ತುಂಡು ಇನಾಮು ಜಮೀನು. ಮಳೆ ಕಣ ಕೆಡಿಸಿದರೆ ಆಯಕ್ಕೂ ಕುತ್ತು. ಚಾಕರಿ ಮಾತ್ರ ತಪ್ಪುತ್ತಿರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯ ಚಾಕರಿ ತೆಗೆದು, ಆ ಇನಾಮು ಜಮೀನಿನ ಮರುಮಂಜೂರಿಗೆ ದಾರಿ ಮಾಡ್ತು. ದಲಿತರಿಗೆ ಮಂಜೂರಾದ ಭೂಮಿ ಕೈಬಿಟ್ಟು ಹೋಗದಿರಲಿ ಅಂತ 1978ರ ಪಿಟಿಸಿಎಲ್ ಕಾಯ್ದೆ ಬಂತು. ಆದರೆ ಅದರ ವ್ಯಾಖ್ಯೆಯೇ ವಂಶಪಾರಂಪರ್ಯ ಹುದ್ದೆಯ ಜಮೀನನ್ನು ಹೊರಗಿಟ್ಟಿತು. ತಲೆಮಾರುಗಟ್ಟಲೆ ಬಿಟ್ಟಿ ದುಡಿದ ನೆಲಕ್ಕೇ ಆ ರಕ್ಷಣೆ ಇಲ್ಲ!

ಅದೇ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯ್ತು. ಆಮೇಲೆ ಸುತ್ತಲಿನ ಎಕರೆ ಲೆಕ್ಕದ ಹೊಲಗಳು ಅಡಿ ಲೆಕ್ಕದ ಸೈಟುಗಳಾದವು. ನೆಲ ಇಲ್ಲದವರಿಗೆ ಉಳಿದಿದ್ದು ಕೂಲಿ.

ಬೆಳೆ ಪರಿಹಾರ ಬರೋದು ಪಹಣಿ ನೋಡಿ. ಮಳೆಯಿಂದ ಕೊಯ್ಲಿನ ಕೂಲಿ ಕಳಕೊಂಡ ಅಕ್ಕನ ಹೆಸರು ಪಹಣಿಯಲ್ಲಿಲ್ಲ. ಅಂದು ಆಯಕ್ಕೆ ಲೆಕ್ಕವಿರಲಿಲ್ಲ, ಇಂದು ಕೂಲಿಗೆ ಇಲ್ಲ.

ಸಂಗಾತಿಗಳೇ, ಮುಂದಿನ ಸಲ ಬೆಳೆ ನಷ್ಟದ ಸಮೀಕ್ಷೆಗೆ ಬಂದವರನ್ನ ಇಷ್ಟು ಕೇಳಿ: ಕೂಲಿ ನಷ್ಟ ಯಾವ ಕಾಲಂನಲ್ಲಿ ಬರೀತೀರಿ?

ಜೈ ಭೀಮ್.