ವೈಟ್‌ಫೀಲ್ಡ್‌ನಿಂದ ಮಿನ್ನೆಸೋಟಕ್ಕೆ: ಚಳಿಯ ಸುಂಕ ಕಟ್ಟುವವರು ಯಾರು?

"ಮಗನನ್ನ ಕಂಪನಿಯವರು ಅಮೆರಿಕಕ್ಕೆ ಕಳಿಸ್ತಾರಂತೆ. ಅದೂ ವಿಪರೀತ ಚಳಿ ಇರೋ ರಾಜ್ಯಕ್ಕಂತೆ. ಹೋಗಬಹುದಾ?"

ಈ ಪ್ರಶ್ನೆ ಈಗ ಹಳ್ಳಿಯ ಜಗಲಿಯ ಮೇಲೂ ಕೇಳಿಬರುತ್ತದೆ. ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ದುಡಿಯುವ ಮಗ, ಮಗಳು, ಅಳಿಯ ಯಾವ ಊರಿನಲ್ಲಿಲ್ಲ? ಹೋಗುವವರು ಸಂಬಳದ ಲೆಕ್ಕ ಹಾಕುತ್ತಾರೆ. ಮನೆಯವರು ಸ್ವೆಟರ್ ಕೊಳ್ಳುತ್ತಾರೆ. ಆದರೆ ಹವೆ ನೋಡಿ ಊರು ಬಿಡುವುದು, ಕೆಲಸಕ್ಕಾಗಿ ಹವೆಯನ್ನು ಸಹಿಸುವುದು ನಮ್ಮ ಬೆಂಗಳೂರಿಗೆ ಹೊಸದೇನಲ್ಲ. ಇನ್ನೂರು ವರ್ಷದ ಕಥೆ ಅದು. ಆ ಕಥೆ ಗೊತ್ತಿದ್ದರೆ ಇವತ್ತಿನ ತೀರ್ಮಾನ ಸ್ವಲ್ಪ ಸುಲಭವಾಗುತ್ತದೆ.

ಮೊದಲು ಚಳಿಯ ಅಳತೆ

ಅಮೆರಿಕ ಒಂದೇ ಹವೆಯ ದೇಶವಲ್ಲ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಬೇರೆ. ಮಿನ್ನೆಸೋಟ, ಮಿಷಿಗನ್, ಇಲಿನಾಯ್, ನ್ಯೂಯಾರ್ಕ್ ಬೇರೆ. ಈ ಎರಡನೇ ಗುಂಪಿನವು ಚಳಿಯ ರಾಜ್ಯಗಳು.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಮಿನ್ನೆಸೋಟದ ದೊಡ್ಡ ನಗರ ಮಿನಿಯಾಪೊಲಿಸ್‌ನಲ್ಲಿ ಜನವರಿಯ ರಾತ್ರಿ ಸರಾಸರಿ ಮೈನಸ್ 13 ಡಿಗ್ರಿ. ಮನೆಯ ಫ್ರಿಜ್‌ನಲ್ಲಿ ಐಸ್ ಕಟ್ಟುವ ಮೇಲಿನ ಖಾನೆ ಸುಮಾರು ಮೈನಸ್ 18 ಇರುತ್ತದೆ. ಚಳಿ ಗಾಳಿ ಬೀಸಿದ ದಿನ ಹೊರಗಿನ ಬಯಲು ಆ ಖಾನೆಗಿಂತ ತಣ್ಣಗಾಗುತ್ತದೆ. ಚಿಕಾಗೋ 1985ರ ಜನವರಿ 20ರಂದು ಮೈನಸ್ 33ರ ಹತ್ತಿರ ಹೋಗಿತ್ತು.

ಶಿವರಾತ್ರಿ ಬಂದರೆ ಚಳಿ 'ಶಿವಶಿವಾ' ಅಂತ ಓಡಿಹೋಗುತ್ತದೆ ಎನ್ನುತ್ತೇವೆ ನಾವು. ಅಲ್ಲಿ ಶಿವರಾತ್ರಿಗೆ ಇನ್ನೂ ಹಿಮ ಕರಗಿರುವುದಿಲ್ಲ.

ಹವೆ ನೋಡಿ ಬಂದವರು

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆ ತಂಪು ಬಹಳ ಜನರನ್ನು ಇಲ್ಲಿಗೆ ಎಳೆದಿದೆ. ಟಿಪ್ಪು ಸುಲ್ತಾನನ ನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆ ಮಲೇರಿಯಾ ಜ್ವರಕ್ಕೆ ಬೇಸತ್ತು 1809ರಲ್ಲಿ ಬೆಂಗಳೂರಿಗೆ ಬಂತು. ನಾವು 'ದಂಡು' ಎಂದು ಕರೆಯುವ ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ.

ವೈಟ್‌ಫೀಲ್ಡ್ ಹುಟ್ಟಿದ್ದೂ ವಲಸೆಯಿಂದಲೇ. ಮದರಾಸಿನಲ್ಲಿದ್ದ ಡಿ.ಎಸ್. ವೈಟ್ ಎಂಬುವರು ಆಂಗ್ಲೋ-ಇಂಡಿಯನ್ ಸಮುದಾಯದ ಮುಖಂಡರು. ತಮ್ಮ ಜನ ಸರ್ಕಾರಿ ನೌಕರಿಯನ್ನೇ ನಂಬಿ ಕೂರದೆ ಸ್ವಂತ ನೆಲದಲ್ಲಿ ಬೇಸಾಯ ಮಾಡಿ ಬದುಕಲಿ ಎಂಬುದು ಅವರ ಆಸೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ್ ಅದಕ್ಕಾಗಿ ಸುಮಾರು 3,900 ಎಕರೆ ಕೊಟ್ಟರು. ಆ ವಸಾಹತಿಗೆ ವೈಟ್ ಅವರ ಹೆಸರೇ ಬಂತು.

ಹವೆ ಚೆನ್ನಾಗಿತ್ತು. ರೈಲು 1864ರಲ್ಲೇ ಬಂದಿತ್ತು. ಆದರೆ ಅದು ಮಳೆಯನ್ನೇ ನಂಬಿದ ಸೀಮೆ. ರಾಗಿ ಬೆಳೆಯುವ ನೆಲದಲ್ಲಿ ಬೇಸಾಯದ ಅನುಭವವಿಲ್ಲದವರು ಒಕ್ಕಲುತನ ಮಾಡಿ ನಿಲ್ಲುವುದು ಕಷ್ಟವಾಯಿತು. ವೈಟ್ ಕಂಡ ಕನಸಿನಷ್ಟು ದೊಡ್ಡದಾಗಿ ಊರು ಬೆಳೆಯಲಿಲ್ಲ. ಬಹಳ ವರ್ಷ ಅದು ತಂಪಾದ, ಸದ್ದಿಲ್ಲದ, ನಿವೃತ್ತರಿಗೆ ಹೇಳಿಮಾಡಿಸಿದ ಪುಟ್ಟ ಊರಾಗಿಯೇ ಉಳಿಯಿತು. 1947ರ ನಂತರ ದೇಶದ ಬೇರೆಡೆಯ ಆಂಗ್ಲೋ-ಇಂಡಿಯನ್ನರಂತೆ ಇಲ್ಲಿನವರಲ್ಲೂ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ದೇಶಗಳಿಗೆ ಹೊರಟರು. ತಂಪಿಗೆಂದು ಬಂದವರ ಮೊಮ್ಮಕ್ಕಳು ಕೊರೆಯುವ ಚಳಿಗೆ ಹೋದರು. ಇಂಗ್ಲೆಂಡ್ 1962-63ರಲ್ಲಿ ಕಂಡ ಚಳಿಗಾಲ ಅಲ್ಲಿನವರಿಗೇ ಇನ್ನೂರು ವರ್ಷದಲ್ಲಿ ಕಾಣದಂಥದ್ದು.

ಹಳೆಯ ವೈಟ್‌ಫೀಲ್ಡ್ ಹೇಳುವ ಮಾತು ಇಷ್ಟೇ: ಒಳ್ಳೆಯ ಹವೆ ಜನರನ್ನು ಕರೆತರಬಹುದು, ನಿಲ್ಲಿಸುವುದು ಮಾತ್ರ ದುಡಿಮೆ. ಮುಂದೆ ಅಮೆರಿಕದಲ್ಲಿ ಇದೇ ಮಾತು ತಿರುಗುಮುರುಗಾಯಿತು. ಅಲ್ಲಿ ದುಡಿಮೆ ಇತ್ತು, ಹವೆ ಕಷ್ಟದ್ದಾಗಿತ್ತು.

ಕನ್ನಡಿಗರು ಹಿಮದ ನಾಡಿಗೆ ಹೋದದ್ದು

1946ರ ಕಾನೂನಿನ ಪ್ರಕಾರ ಅಮೆರಿಕ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ ನೆಲೆಸಲು ಅವಕಾಶ ಕೊಡುತ್ತಿತ್ತು. 1965ರಲ್ಲಿ ಹೊಸ ಕಾನೂನು ಬಂದು ಬಾಗಿಲು ತೆರೆಯಿತು. ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು ಹೊರಟರು.

ಇವರಲ್ಲಿ ಯಾರೂ ಚಳಿಯನ್ನು ಆಸೆಪಟ್ಟು ಆರಿಸಿಕೊಂಡವರಲ್ಲ. ಕೆಲಸ ಇದ್ದದ್ದೇ ಚಳಿಯ ಊರುಗಳಲ್ಲಿ. ಕಾರು ತಯಾರಾಗುತ್ತಿದ್ದುದು ಮಿಷಿಗನ್‌ನ ಡೆಟ್ರಾಯ್ಟ್‌ನಲ್ಲಿ. ದೊಡ್ಡ ವಿಶ್ವವಿದ್ಯಾಲಯ, ಆಸ್ಪತ್ರೆಗಳಿದ್ದುದು ಚಿಕಾಗೋದಂಥ ನಗರಗಳಲ್ಲಿ. 1970ರ ದಶಕದ ಹೊತ್ತಿಗೆ ಚಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯ್ಟ್ ಸುತ್ತಮುತ್ತ ಪಂಪ ಕನ್ನಡ ಕೂಟ ಹುಟ್ಟಿದವು. ಹಳೆಯ ಕನ್ನಡ ಕೂಟಗಳಲ್ಲಿ ಇಂಥವು ಚಳಿಯ ರಾಜ್ಯಗಳಲ್ಲಿ ಎದ್ದದ್ದು ಆಶ್ಚರ್ಯವಲ್ಲ. ನಾಲ್ಕೈದು ತಿಂಗಳು ಬೀದಿಯಲ್ಲಿ ನಿಂತು ಮಾತಾಡುವ ಹಾಗಿಲ್ಲ ಎಂದಮೇಲೆ, ಜನ ಸೇರಲು ಒಂದು ಬೆಚ್ಚಗಿನ ಸಭಾಂಗಣ ಬೇಕೇ ಬೇಕು.

ಮೈಸೂರಿನ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಲ್ಲಿ ಚಿಕಾಗೋ ವಿಶ್ವವಿದ್ಯಾಲಯ ಸೇರಿ, 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. 'ಹೊಕ್ಕುಳಲ್ಲಿ ಹೂವಿಲ್ಲ' ಕವನ ಸಂಕಲನ ಹೊರಬಂದ 1969ರಲ್ಲಿ ಅವರು ಚಿಕಾಗೋದಲ್ಲಿದ್ದವರು. ವಚನಗಳನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದ ಅವರ ಪುಸ್ತಕ 1973ರಲ್ಲಿ ಬಂತು. ಹೋದವರೆಲ್ಲ ಕನ್ನಡ ಕಳೆದುಕೊಂಡರು ಎನ್ನುವವರು ಇದನ್ನೂ ನೆನೆಯಬೇಕು.

ಕಂಪನಿಯೇ ಇಲ್ಲಿಗೆ ಬಂದ ಮೇಲೆ

1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಕಲಬುರಗಿ, ರಾಯಚೂರಿನ ಬಿಸಿಲಿನಿಂದ ಪೀಣ್ಯದ ಶೆಡ್ಡುಗಳಿಗೆ ದುಡಿಯಲು ಬಂದವರಿಗೆ ಬೆಂಗಳೂರೇ ಚಳಿಯ ರಾಜ್ಯ. ಅದೇ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಅದರ ಹಿಂದೆ ಇದ್ದವರು ಆರ್.ಕೆ. ಬಾಳಿಗಾ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1994ರಲ್ಲಿ ಇನ್ಫೋಸಿಸ್ ತನ್ನ ಮುಖ್ಯ ಕಚೇರಿಯನ್ನು ಎಲೆಕ್ಟ್ರಾನಿಕ್ ಸಿಟಿಗೆ ತಂದಿತು. ಅದೇ ವರ್ಷ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಕಟ್ಟಡದ ಕೆಲಸ ಶುರುವಾಯಿತು.

ಆಮೇಲೆ ಚಳಿಯ ಊರುಗಳಿಗೂ ನಮ್ಮ ಊರುಗಳಿಗೂ ನೇರ ನಂಟು ಬೆಳೆಯಿತು. ನ್ಯೂಯಾರ್ಕ್ ರಾಜ್ಯದ ನಿಸ್ಕಯೂನದಲ್ಲಿ ಸಂಶೋಧನಾ ಕೇಂದ್ರವಿರುವ ಜಿಇ ಕಂಪನಿ 2000ದಲ್ಲಿ ವೈಟ್‌ಫೀಲ್ಡ್‌ನಲ್ಲಿ ತನ್ನ ತಂತ್ರಜ್ಞಾನ ಕೇಂದ್ರ ತೆರೆಯಿತು. ಡೆಟ್ರಾಯ್ಟ್‌ನ ಜನರಲ್ ಮೋಟರ್ಸ್ 2003ರಲ್ಲಿ ಐಟಿಪಿಎಲ್‌ಗೆ ಬಂತು. ಮಿನ್ನೆಸೋಟದ 3ಎಂ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಇಂಥ ಕಡೆ ಕೆಲಸಕ್ಕಿರುವ ಮಕ್ಕಳಿಗೆ 'ಅಲ್ಲಿಗೆ ಹೋಗುತ್ತೀಯಾ?' ಎಂಬ ಮಾತು ಬರುವುದು ಸಹಜ.

ಇಲ್ಲೊಂದು ದೊಡ್ಡ ವ್ಯತ್ಯಾಸ ಗಮನಿಸಿ. 1970ರಲ್ಲಿ ಹೊರಟ ಎಂಜಿನಿಯರಿಗೆ ಆ ಕೆಲಸ ಇಲ್ಲಿ ಇರಲೇ ಇಲ್ಲ. ಇವತ್ತು ಅದೇ ಕಂಪನಿಯ ಅದೇ ಬಗೆಯ ಕೆಲಸ ವೈಟ್‌ಫೀಲ್ಡ್‌ನಲ್ಲೂ ಇದೆ. ಆಗ ಹೋಗುವುದು ಹೆಚ್ಚುಕಡಿಮೆ ಅನಿವಾರ್ಯವಾಗಿತ್ತು. ಈಗ ಅದು ಆಯ್ಕೆ. ಆಯ್ಕೆ ಎಂದಮೇಲೆ ಲೆಕ್ಕ ಸರಿಯಾಗಿ ಹಾಕಬೇಕು.

ಲಾಭದ ಕಡೆ

ಸಂಬಳ ಡಾಲರಿನಲ್ಲಿ. ಊರಿನ ಸಾಲ ತೀರುತ್ತದೆ, ತಂಗಿಯ ಓದು ನಡೆಯುತ್ತದೆ, ಬೋರ್‌ವೆಲ್ ಬೀಳುತ್ತದೆ. ಮಿನ್ನೆಸೋಟ, ಮಿಷಿಗನ್‌ಗಳಲ್ಲಿ ಮನೆ ಕೊಳ್ಳುವ ಖರ್ಚು ಕ್ಯಾಲಿಫೋರ್ನಿಯಾಕ್ಕಿಂತ ಬಹಳ ಕಡಿಮೆ.

ಇನ್ನು ಮನೆಯೊಳಗೆ ಚಳಿಯೇ ಇರುವುದಿಲ್ಲ. ಚಿಕಾಗೋದಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬಾಡಿಗೆ ಮನೆ ಹಗಲಿನಲ್ಲಿ ಕನಿಷ್ಠ 20 ಡಿಗ್ರಿ ಬೆಚ್ಚಗಿರಬೇಕೆಂಬ ನಿಯಮವಿದೆ. ನಮ್ಮ ಹೆಂಚಿನ ಮನೆಯ ಮಾಗಿ ಬೆಳಗಿಗಿಂತ ಅಲ್ಲಿ ಒಳಗೆ ಬೆಚ್ಚಗೆ. ಮಿನ್ನೆಸೋಟದಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಬಿಲ್ ಕಟ್ಟಲಾಗದವರು ಕಂತಿಗೆ ಒಪ್ಪಿದರೆ ಮನೆ ಬೆಚ್ಚಗಿಡುವ ಸಂಪರ್ಕ ಕಡಿಯುವಂತಿಲ್ಲ. ಮಿನಿಯಾಪೊಲಿಸ್ ನಗರದ ನಡುವೆ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳಿವೆ. 1962ರಲ್ಲಿ ಶುರುವಾದ ಈ ದಾರಿ ಈಗ ಸುಮಾರು 15 ಕಿಲೋಮೀಟರ್. ಕೋಟು ಹಾಕದೆ ಕಚೇರಿ, ಹೋಟೆಲು, ಅಂಗಡಿ ಸುತ್ತಬಹುದು.

ಇಲ್ಲಿಯೇ ಇದ್ದರೆ ಎಲ್ಲ ಸುಖ ಎಂದೂ ಅಲ್ಲ. 2024ರ ಬೇಸಗೆಯಲ್ಲಿ ವೈಟ್‌ಫೀಲ್ಡ್ ಸುತ್ತಲಿನ ಮನೆಗಳು ಟ್ಯಾಂಕರ್ ನೀರಿಗೆ ಕಾದದ್ದನ್ನು ನಾವೇ ಕಂಡಿದ್ದೇವೆ.

ನಷ್ಟದ ಕಡೆ, ಅದು ಯಾರ ಹೆಗಲಿಗೆ?

ದುಡಿಯುವವರಿಗೆ ಚಳಿ ಅಷ್ಟಾಗಿ ತಟ್ಟುವುದಿಲ್ಲ. ಬೆಚ್ಚಗಿನ ಮನೆ, ಬೆಚ್ಚಗಿನ ಕಾರು, ಬೆಚ್ಚಗಿನ ಕಚೇರಿ. ಹಿಮ ಬಿದ್ದರೆ ಮನೆ ಮುಂದಿನ ಕಾಲುದಾರಿ ತೆಗೆಯಬೇಕು. ಮಿನಿಯಾಪೊಲಿಸ್‌ನಲ್ಲಿ ಅದಕ್ಕೆ 24 ಗಂಟೆಯ ಗಡುವಿದೆ. ಅದು ಬಿಟ್ಟರೆ ದಿನ ಕಳೆಯುತ್ತದೆ. ಚಳಿಯ ಪೂರ್ತಿ ಸುಂಕ ಕಟ್ಟುವವರು ಮನೆಯೊಳಗೆ ಉಳಿಯುವವರು.

ಮೊದಲನೆಯವರು ಹೆಂಡತಿಯರು. 1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾದಲ್ಲಿ ಗಂಡ ಹೋದರೆ, ಜೊತೆಗೆ ಹೋದ ಹೆಂಡತಿ ಎಷ್ಟೇ ಓದಿದ್ದರೂ ಕೆಲಸ ಮಾಡುವಂತಿರಲಿಲ್ಲ. 2015ರ ಮೇ 26ರಿಂದ, ಗ್ರೀನ್ ಕಾರ್ಡ್ ಹಾದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗೆ ಮಾತ್ರ ಅವಕಾಶ ಸಿಕ್ಕಿತು. ಕೆಲಸವಿಲ್ಲ, ಕಾರು ಓಡಿಸಲು ಬರುವುದಿಲ್ಲ, ಹೊರಗೆ ಹಿಮ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನಲ್ಲಿ ಆ ದಿನಗಳಲ್ಲೂ ಹಗಲು ಹನ್ನೊಂದು ಗಂಟೆಗಿಂತ ಹೆಚ್ಚು. ಮಿನಿಯಾಪೊಲಿಸ್‌ನಲ್ಲಿ ಒಂಬತ್ತಕ್ಕೂ ಕಡಿಮೆ. ಬೆಳಕು ಕಡಿಮೆಯಾದಾಗ ಮನಸ್ಸು ಕುಗ್ಗುವುದನ್ನು ವೈದ್ಯರು 1984ರಲ್ಲೇ ಕಾಯಿಲೆ ಎಂದು ಗುರುತಿಸಿ ಹೆಸರಿಟ್ಟಿದ್ದಾರೆ. ಅದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ. ಫೋನಿನಲ್ಲಿ ಮಗಳ ದನಿ ಸಣ್ಣದಾದರೆ 'ಅಲ್ಲಿ ನಿನಗೇನು ಕಮ್ಮಿ?' ಎನ್ನುವ ಮೊದಲು ಇದನ್ನು ನೆನೆಯಿರಿ.

ಎರಡನೆಯವರು ಅಪ್ಪ ಅಮ್ಮ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಅನುಭವಸ್ಥರು ಏಪ್ರಿಲ್ ಕೊನೆಗೆ ಹೋಗಿ ಅಕ್ಟೋಬರ್‌ಗೆ ಬರುತ್ತಾರೆ. ಆದರೆ ಹೆರಿಗೆ ತಿಂಗಳು ನೋಡಿ ಬರುವುದಿಲ್ಲ. ಜನವರಿಯಲ್ಲಿ ಮಗಳ ಬಾಣಂತನಕ್ಕೆ ಹೋದ ತಾಯಿಗೆ ಅಂಗಳವಿಲ್ಲ, ಎಳೆಬಿಸಿಲಿಲ್ಲ, ಮಾತಿಗೆ ನೆರೆಯವರಿಲ್ಲ. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಕಷ್ಟ. ಪ್ರವಾಸಿ ವಿಮೆಗಳಲ್ಲಿ ಬಹಳಷ್ಟು ಹಳೆಯ ಕಾಯಿಲೆಯ ಖರ್ಚನ್ನು ಪೂರ್ತಿ ಕೊಡುವುದಿಲ್ಲ.

ಮೂರನೆಯದು ಕಾಯುವಿಕೆ. ವರ್ಷಕ್ಕೆ ಕೊಡುವ ಇಂಥ ಗ್ರೀನ್ ಕಾರ್ಡ್‌ಗಳಲ್ಲಿ ಒಂದೊಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದ. 2025ರ ಸೆಪ್ಟೆಂಬರ್‌ನಲ್ಲಿ, ಹೊರದೇಶದಿಂದ ಹೊಸದಾಗಿ ಎಚ್-1ಬಿ ಮೇಲೆ ಕರೆಸುವವರಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶವೂ ಬಂತು. 'ಎರಡು ವರ್ಷ ಇದ್ದು ಬರ್ತೀನಿ' ಎಂದವರು ಇಪ್ಪತ್ತು ಚಳಿಗಾಲ ಕಳೆದದ್ದುಂಟು. ಅಷ್ಟರಲ್ಲಿ ಊರಿನಲ್ಲಿ ಅಪ್ಪನಿಗೆ ಎಪ್ಪತ್ತೈದಾಗಿರುತ್ತದೆ.

ಹೊರಡುವ ಮುಂಚೆ

ಹೋಗಬೇಡಿ ಎಂದು ಹೇಳಲು ಇಷ್ಟೆಲ್ಲ ಬರೆದದ್ದಲ್ಲ. ಹೋದವರಿಂದ ಎಷ್ಟೋ ಮನೆಗಳು ಮೇಲೆದ್ದಿವೆ. ಆದರೆ ತೀರ್ಮಾನವನ್ನು ಸಂಬಳ ಪಡೆಯುವವರೊಬ್ಬರೇ ಮಾಡಬಾರದು. ಚಳಿ ಯಾರ ಪಾಲಿಗೆ ಹೆಚ್ಚು ಬರುತ್ತದೋ ಅವರನ್ನೂ ಕೂರಿಸಿಕೊಂಡು ಕೆಲವು ಮಾತು ಕೇಳಿ.

ಸೊಸೆಗೆ ಅಲ್ಲಿ ಕೆಲಸ ಮಾಡುವ ಹಕ್ಕು ಯಾವಾಗ ಸಿಗುತ್ತದೆ? ಹೊರಡುವ ಮುನ್ನ ಇಬ್ಬರೂ ಕಾರು ಕಲಿಯಬಹುದೇ? ಹತ್ತಿರದಲ್ಲಿ ಕನ್ನಡ ಕೂಟ ಇದೆಯೇ, ಚಳಿಗಾಲದಲ್ಲೂ ಸೇರುತ್ತಾರೆಯೇ? ಇದೇ ಕಂಪನಿಯಲ್ಲಿ ಬೆಚ್ಚಗಿನ ರಾಜ್ಯದ ಕಚೇರಿ ಕೇಳಬಹುದೇ? ಎಷ್ಟು ವರ್ಷಕ್ಕೆ ವಾಪಸು, ಬಂದರೆ ವೈಟ್‌ಫೀಲ್ಡ್‌ನಲ್ಲಿ ಅದೇ ಕೆಲಸ ಸಿಗುತ್ತದೆಯೇ? ಊರಿನಲ್ಲಿ ಅಪ್ಪ ಅಮ್ಮನಿಗೆ ಹುಷಾರು ತಪ್ಪಿದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು?

ಈ ಮಾತುಗಳಿಗೆ ಮನೆಯಲ್ಲಿ ಒಪ್ಪುವ ಉತ್ತರ ಸಿಕ್ಕರೆ ಸ್ವೆಟರ್ ಕೊಳ್ಳಿ, ಕುಲಾವಿಯನ್ನೂ ಕೊಳ್ಳಿ, ಧೈರ್ಯವಾಗಿ ಕಳಿಸಿಕೊಡಿ. ಸಿಗದಿದ್ದರೆ ಸಹಿ ಹಾಕುವುದಕ್ಕೆ ಇನ್ನೊಂದು ವಾರ ಸಮಯ ಕೇಳಲು ಮಗನಿಗೆ ಹೇಳಿ.