ಹೊರಗಿಂದ ಬಂದವರಿಗೆ ಒಂದು ತಿಂಗಳು: ನವೆಂಬರ್‌ನಲ್ಲಿ ಕಂಡ ಡುಬ್ರೊವ್ನಿಕ್

ಇವತ್ತಿನ ಮಾತು ಒಂದು ಊರಿನ ಬಾಗಿಲ ಬಗ್ಗೆ. ಊರು ಡುಬ್ರೊವ್ನಿಕ್. ಮೆಡಿಟರೇನಿಯನ್ನಿನ ಕವಲಾದ ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿ, ಈಗಿನ ಕ್ರೊಯೇಷಿಯಾದಲ್ಲಿದೆ.

ನಾನು ಹೋಗಿದ್ದು 2023ರ ನವೆಂಬರ್‌ನಲ್ಲಿ. ಆನ್‌ಸೈಟ್ ಕೆಲಸಕ್ಕೆ ಜರ್ಮನಿಯಲ್ಲಿದ್ದೆ. ಆ ವರ್ಷದ ಜನವರಿಯಲ್ಲೇ ಕ್ರೊಯೇಷಿಯಾ ಷೆಂಗೆನ್ ಸೇರಿದ್ದರಿಂದ ಬೇರೆ ವೀಸಾ ಬೇಕಾಗಲಿಲ್ಲ. ಸೀಸನ್ ಮುಗಿದಿತ್ತು, ರೂಮು ಅಗ್ಗ. ಎಷ್ಟೋ ಹೋಟೆಲ್‌ಗಳ ಬಾಗಿಲು ಹಾಕಿತ್ತು. ತೆಂಕಣದಿಂದ ಬೀಸೋ 'ಯೂಗೊ' ಗಾಳಿ ಮಳೆ ತಂದಿತ್ತು. ಬೇಸಿಗೆಯಲ್ಲಿ ಕಾಲಿಡೋಕೂ ಜಾಗ ಇರದ ಸ್ಟ್ರಾದುನ್ ಬೀದಿಯ ನುಣುಪು ಕಲ್ಲಿನ ಮೇಲೆ ನಾನು, ನನ್ನ ಕೊಡೆ, ನಾಲ್ಕಾರು ಬೆಕ್ಕು. ಅವಸರ ಇರಲಿಲ್ಲ. ಹಾಗಾಗಿ ಪೂರ್ವದ ಪ್ಲೋಚೆ ಬಾಗಿಲು ದಾಟಿ ಹೊರಗೆ ನಡೆದೆ. ಅಲ್ಲಿ ಸಮುದ್ರದ ಅಂಚಿಗೆ ಒಂದರ ಪಕ್ಕ ಒಂದು ಕಲ್ಲಿನ ಉದ್ದನೆ ಕೊಠಡಿಗಳು, ನಡುವೆ ಅಂಗಳಗಳು. ಹೆಸರು ಲಾಜರೇತಿ. ಹಳೇ ಕ್ವಾರಂಟೈನ್ ಕಟ್ಟಡ ಅದು.

ಈ ಊರಿನ ಹಳೇ ಹೆಸರು ರಗೂಸಾ. ಸಣ್ಣ ಗಣರಾಜ್ಯ. ಹೇಳಿಕೊಳ್ಳೋವಂಥ ಹೊಲಗದ್ದೆ ಇಲ್ಲ, ದೊಡ್ಡ ಸೈನ್ಯ ಇಲ್ಲ. ಒಂದು ಕಡೆ ಹಡಗು, ಇನ್ನೊಂದು ಕಡೆ ಬಾಲ್ಕನ್ ಬೆಟ್ಟಗಳಿಂದ ಇಳಿದು ಬರೋ ಕುದುರೆ ಸಾಲು. ಈ ಎರಡರ ನಡುವಿನ ವ್ಯಾಪಾರವೇ ಅನ್ನ. 1348ರಲ್ಲಿ ಪ್ಲೇಗ್ ಬಂದು ಊರು ತತ್ತರಿಸಿತು. ಆಮೇಲೂ ಮತ್ತೆ ಮತ್ತೆ ಬರ್ತಾನೇ ಇತ್ತು.

ಏನು ಮಾಡೋದು? ಬಾಗಿಲು ತೆಗೆದಿಟ್ಟರೆ ರೋಗ, ಮುಚ್ಚಿದರೆ ಹಸಿವು. 1374ರಲ್ಲಿ ಮಿಲಾನಿನ ದೊರೆ ಬೆರ್ನಾಬೊ ವಿಸ್ಕಾಂತಿ ಹೊರಡಿಸಿದ ಆಜ್ಞೆ ಇಷ್ಟು: ಪ್ಲೇಗ್ ತಗುಲಿದವರನ್ನ ಊರಾಚೆ ಬಯಲಿಗೆ ಸಾಗಿಸಿ, ಅಲ್ಲೇ ಸಾಯಲಿ ಇಲ್ಲವೇ ಗುಣವಾಗಲಿ. ಮೂರು ವರ್ಷದ ನಂತರ, 1377ರ ಜುಲೈ 27ರಂದು, ರಗೂಸಾದ ಸಭೆ ಬೇರೆಯೇ ದಾರಿ ಹಿಡಿಯಿತು. ಪ್ಲೇಗ್ ಇರೋ ಸೀಮೆಯಿಂದ ಬಂದವರು, ಆರೋಗ್ಯವಾಗಿದ್ದರೂ ಸರಿ, ಮೊದಲು ಮ್ರ್ಕಾನ್ ನಡುಗಡ್ಡೆಯಲ್ಲೋ ಸಾವ್ತಾತ್ ಊರಿನಲ್ಲೋ ಒಂದು ತಿಂಗಳು ಇರಬೇಕು. ಆಮೇಲೆ ಊರೊಳಗೆ ಬರಬಹುದು. ಅಪ್ಪಣೆ ಇಲ್ಲದೆ ಅವರನ್ನ ನೋಡೋಕೆ ಹೋದ ಊರವನಿಗೂ ಅಲ್ಲೇ ಒಂದು ತಿಂಗಳು.

ಬ್ಯಾಕ್ಟೀರಿಯಾ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಇಲಿಯ ಚಿಗಟದ ಮೇಲೆ ಅನುಮಾನವೂ ಇರಲಿಲ್ಲ. ರೋಗ ಇದ್ದರೆ ಕಾದಾಗ ಹೊರಬೀಳುತ್ತೆ ಅನ್ನೋದನ್ನ ಮಾತ್ರ ಅನುಭವ ಕಲಿಸಿತ್ತು. ಮುಂದೆ ಮೂವತ್ತು ದಿನ ನಲವತ್ತಾಯಿತು. ಇಟಾಲಿಯನ್ನಿನಲ್ಲಿ ನಲವತ್ತಕ್ಕೆ 'ಕ್ವಾರಾಂತಾ'. ಕ್ವಾರಂಟೈನ್ ಅನ್ನೋ ಪದ ಬಂದಿದ್ದು ಅಲ್ಲಿಂದ. ಪ್ಲೋಚೆ ಬಾಗಿಲ ಬಳಿಯ ಈ ಕಟ್ಟಡ ಶುರುವಾಗಿದ್ದು 1590ರಲ್ಲಿ, ಮುಗಿದಿದ್ದು 1642ರಲ್ಲಿ. ವ್ಯಾಪಾರಿಗಳು, ಅವರ ಸರಕು, ಕುದುರೆ ಎಲ್ಲವೂ ಇಲ್ಲಿ ತಡೆದು ನಿಂತು, ದಿನ ಎಣಿಸಿ, ಒಳಗೆ ಹೋಗುತ್ತಿದ್ದವು.

ಆ ಅಂಗಳದಲ್ಲಿ ನಿಂತಾಗ ನನಗೆ ನೆನಪಾಗಿದ್ದು ಹಾವೇರಿ ಜಿಲ್ಲೆಯ ನಮ್ಮ ಹಳ್ಳಿ ಶಾಲೆ. 2020ರ ಮೇ ತಿಂಗಳ ಮೊದಲ ವಾರ. ಅಜ್ಜಿಗೆ ಹುಷಾರಿಲ್ಲ ಅಂತ ಪುಣೆಯಿಂದ ಪಾಸ್ ಮಾಡಿಸಿಕೊಂಡು ಹೊರಟೆ. ಊರ ರಸ್ತೆಗೆ ಮುಳ್ಳುಕಂಟಿ ಎಳೆದಿದ್ರು. 'ಪುಣೆಯವ ಬ್ಯಾಡ' ಅಂತ ಕೂಗು. ಕೊನೆಗೆ ನಮ್ಮ ಓಣಿಯ ನಿವೃತ್ತ ಮಾಸ್ತರು ಒಂದು ಮಾತು ಹೇಳಿದ್ರು: "ಹದ್ನಾಕ್ ದಿನ ಸಾಲ್ಯಾಗ ಇರ್ಲಿ. ಆಮ್ಯಾಲ ಮನೀಗ್ ಬರ್ಲಿ." ಅವ್ವ ದಿನಾ ಬುತ್ತಿ ತಂದು ಕಾಂಪೌಂಡ್ ಗೋಡೆ ಮೇಲಿಟ್ಟು ದೂರ ನಿಲ್ತಿದ್ಳು. ಒಂಬತ್ತನೇ ದಿನ ಅಜ್ಜಿ ತೀರಿಕೊಂಡ್ಲು. ಸ್ಮಶಾನದ ದಾರಿ ಶಾಲೆ ಮುಂದೇ ಹಾದುಹೋಗುತ್ತೆ. ಗೇಟಿನ ಒಳಗೆ ನಿಂತು ಕೈ ಮುಗಿದೆ.

ಮೂರು ವರ್ಷ ಆ ಸಿಟ್ಟು ಇಟ್ಟುಕೊಂಡಿದ್ದೆ. ಲಾಜರೇತಿ ನೋಡಿ ಅದು ಪೂರ್ತಿ ಹೋಯ್ತು ಅಂದ್ರೆ ಸುಳ್ಳಾಗುತ್ತೆ. ಆದರೆ ಮುಳ್ಳುಕಂಟಿಗೂ ಶಾಲೆಗೂ ಇರೋ ವ್ಯತ್ಯಾಸ ಅಲ್ಲಿ ತಿಳೀತು. ಮುಳ್ಳುಕಂಟಿಗೆ ದಿನದ ಲೆಕ್ಕ ಇಲ್ಲ. ಮಾಸ್ತರು ಲೆಕ್ಕ ಕೊಟ್ಟರು, ಅವತ್ತಿಂದ ನಾನು ಊರಿಗೆ ಬರಬೇಕಾದವನಾದೆ. ಹದಿನೈದನೇ ಬೆಳಿಗ್ಗೆ ಗೇಟು ತೆಗೆದಾಗ ಮುಳ್ಳು ಎಳೆದವರೇ ನನ್ನ ಬ್ಯಾಗು ಹೊತ್ತು ಮನೆವರೆಗೂ ಬಂದ್ರು.

ರಗೂಸಾ ಗಣರಾಜ್ಯವನ್ನ 1808ರಲ್ಲಿ ನೆಪೋಲಿಯನ್ನನ ಕಡೆಯವರು ಮುಗಿಸಿದರು. ಈಗ ಆ ಊರಿಗೆ ಜನಜಂಗುಳಿಯೇ ತಲೆನೋವು. ಕ್ರೂಸ್ ಹಡಗುಗಳಿಗೆ ಮಿತಿ ಹಾಕಿ, ಬಾಗಿಲಲ್ಲಿ ಮತ್ತೆ ಲೆಕ್ಕ ಇಡುತ್ತಿದೆ. ಲಾಜರೇತಿಯಲ್ಲಿ ಇವತ್ತು ಸಂಗೀತ, ನಾಟಕ ನಡೆಯುತ್ತೆ. ನಾನು ಹೋದ ದಿನ ಏನೂ ಇರಲಿಲ್ಲ. ಮಳೆ ನಿಲ್ಲೋವರೆಗೂ ಸೂರಿನ ಕೆಳಗೆ ನಿಂತು ಅವ್ವನಿಗೆ ಫೋನ್ ಮಾಡಿದೆ. "ಎಲ್ಲಿದ್ದೀಯೋ?" ಅಂದ್ಳು. "ಸಾಲ್ಯಾಗ" ಅಂದೆ. ಅವಳಿಗೆ ಅರ್ಥ ಆಗಲಿಲ್ಲ. ಊರಿಗೆ ಹೋದಾಗ ಕೂತು ಹೇಳ್ಬೇಕು.